ಹೊಳೆ ಅಳೆಯುವ ಮಲ್ಲೇಶ್ವರಿ

ಹೊಳೆ ಬರುತ್ತದೆ ಎಂದರೆ ಬೇರೆ ಊರಿನ ಜನ ಗಂಟುಮೂಟೆ ಕಟ್ಟಿಕೊಂಡು ದೂರ ಓಡುತ್ತಾರೆ. ಗುಂಡ್ಲಹಳ್ಳಿಯವರು ಮೊರ ಹಿಡಿದುಕೊಂಡು ಹೊಳೆಯ ಕಡೆಗೇ ಓಡುತ್ತಾರೆ. ಇದೆಂಥ ಹುಚ್ಚು ಎಂದು ನಗುವವರು ಇಲ್ಲಿಗೆ ಬಂದು ಒಂದೆರಡು ವರ್ಷ ಒಣಮರಳು ನೋಡಿಕೊಂಡು ಬದುಕಲಿ, ಆಮೇಲೆ ನಗಲಿ. ವರ್ಷಕ್ಕೊಮ್ಮೆ ಬಂದರೆ ಬಂದಳು, ಇಲ್ಲದಿದ್ದರೆ ಇಲ್ಲ ಎನ್ನುವ ಗಂಗಮ್ಮ ಅವಳು. ಬಂದಾಗ ಮೊದಲ ನೀರನ್ನು ಕಣ್ಣಿಗೊತ್ತಿಕೊಂಡು, ಅರಿಶಿನ, ಕುಂಕುಮ, ಬಳೆ ಇಟ್ಟ ಬಾಗಿನ ಬಿಡದಿದ್ದರೆ ಮತ್ತೆ ಬರುತ್ತಾಳೋ ಇಲ್ಲವೋ!

ಹಿಂದೂಪುರದ ಬಸ್ಸಿಳಿದು ಒಳಗೆ ನಡೆದರೆ ಎರಡು ಗುಡ್ಡಗಳ ನಡುವೆ ಈ ಊರು. ಮಳೆ ಬೀಳುವುದು ಗುಡ್ಡದಾಚೆ, ಕರ್ನಾಟಕದಲ್ಲಿ. ಇಲ್ಲಿ ನೆತ್ತಿ ಸುಡುವ ಬಿಸಿಲಿರುವಾಗಲೇ ಹೊಳೆ ಬಂದದ್ದುಂಟು. ಅದಕ್ಕೇ ಹೊಳೆ ದಾಟುವ ಜಾಗದಲ್ಲಿ ಮೂರು ಅಳತೆ ಕಂಬ ನೆಟ್ಟಿದ್ದಾರೆ. ಒಂದು ಹೊಳೆಯ ನಡುವೆ, ಒಂದು ದಡದ ಬುಡದಲ್ಲಿ, ಮೂರನೆಯದು ಮೇಲೆ ದಿಬ್ಬದ ಇಳಿಜಾರಿನಲ್ಲಿ. ಅವುಗಳ ಅಳತೆ ನೋಡಿ ದಿನಾ ಬೆಳಿಗ್ಗೆ ಹಿಂದೂಪುರದ ಕಚೇರಿಗೆ ಫೋನ್ ಮಾಡುವುದು ಮಲ್ಲೇಶ್ವರಿಯ ಕೆಲಸ.

ಕೆಲಸ ಸಿಕ್ಕಿದ ಹೊಸದರಲ್ಲಿ ಊರಿಗೆ ಊರೇ ನಕ್ಕಿತು. ಕುರಿ ಕಾಯುವ ಮೈದುನ ಆದೆಪ್ಪನಂತೂ ದಿನಾ ಕೆಣಕುತ್ತಿದ್ದ. "ಏನತ್ಗೆ, ಇವತ್ತು ಎಷ್ಟು ಮೀಟರ್ ಮರಳು?"

"ನಿನ್ ತಲೇಲಿ ಇರೋಷ್ಟು ಕಣಪ್ಪ" ಎಂದು ಹೇಳಿ ಅವಳು ಕಂಬಕ್ಕೆ ಮೆತ್ತಿದ ಧೂಳು ಒರೆಸುತ್ತಿದ್ದಳು. ಸೊನ್ನೆ ಹೇಳುವುದಕ್ಕೂ ಅವಳಿಗೊಂದು ಠೀವಿ. ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, "ಸಾರ್, ಗುಂಡ್ಲಹಳ್ಳಿ, ಸೊನ್ನೆ" ಎನ್ನುವಳು. ಆ ಕಡೆ ಇಂಜಿನಿಯರ್ ರುದ್ರೇಶ್, "ಸರಿ ಅಕ್ಕಾ, ಬರೆದುಕೊಂಡೆ" ಎಂದರೆ ಅವಳಿಗೆ ಊಟ ಮಾಡಿದಷ್ಟು ತೃಪ್ತಿ.

ಒಂದು ವರ್ಷ ರುದ್ರೇಶ್ ತಾನೇ ಫೋನ್ ಮಾಡಿ ಮೇಲಿನಿಂದ ನೀರು ಹೊರಟಿದೆ ಎಂದ. ಮಲ್ಲೇಶ್ವರಿ ಗುಡಿಯ ಮೈಕಿಗೆ ಓಡಿ, "ಹೊಳೆ ಬತ್ತಾ ಐತೆ, ಎಲ್ಲಾ ಹುಷಾರಾಗಿರ್ರಪ್ಪೋ!" ಎಂದು ಕೂಗಿದಳು. ಹುಷಾರು ಎನ್ನುವ ಮಾತು ಯಾರ ಕಿವಿಗೆ ಬಿತ್ತು? "ಏರು ವಚ್ಚಿಂದಂಟಾ!" ಎಂದು ತೆಲುಗಿನಲ್ಲೊಬ್ಬರು, "ಗಂಗಮ್ಮ ಬಂದ್ಲಂತೆ!" ಎಂದು ಕನ್ನಡದಲ್ಲೊಬ್ಬರು ಕೂಗುತ್ತಾ ಮಕ್ಕಳುಮರಿ ಸಮೇತ ನಡುಹೊಳೆಗೆ ಇಳಿದುಬಿಟ್ಟರು. ಎಲ್ಲರಿಗಿಂತ ಮುಂದೆ, ಮೊರ ಹಿಡಿದು, ಅವಳ ಅತ್ತೆ ಓಬಮ್ಮ. ಊರಿನ ಮೊದಲ ಕಾಯಿ ಒಡೆಯುವ ಹಕ್ಕು ಮದುವೆಯಾಗಿ ಬಂದಾಗಿನಿಂದ ಆ ಮುದುಕಿಯದು.

ಆ ಸಲ ಬಂದದ್ದು ಪಾದ ಮುಳುಗುವಷ್ಟು ನೀರು. ಎಲ್ಲರೂ ನಗುನಗುತ್ತಾ ಮನೆಗೆ ಹೋದರು. ಮಲ್ಲೇಶ್ವರಿ ಮಾತ್ರ ದಡದಲ್ಲೇ ಕುಸಿದು ಕೂತಳು. ದೊಡ್ಡ ನೀರು ಬಂದಿದ್ದರೆ? ಅಷ್ಟೂ ಜನರನ್ನು ಮೈಕಿನಲ್ಲಿ ಕೂಗಿ ಹೊಳೆಯ ಬಾಯಿಗೆ ಕೊಟ್ಟವಳು ತಾನೇ ಆಗುತ್ತಿದ್ದಳಲ್ಲ.

ಬುದ್ಧಿ ಹೇಳಿ ನೋಡಿದಳು. ರುದ್ರೇಶ್ ಬಂದು ಸಭೆ ಮಾಡಿದ, ಎಲ್ಲರೂ ತಲೆಯಾಡಿಸಿ ಟೀ ಕುಡಿದು ಹೋದರು. ಅತ್ತೆಯಂತೂ ಕಡ್ಡಿ ಮುರಿದಂತೆ ಹೇಳಿದಳು: "ಗಂಗಮ್ಮ ಬತ್ತಾ ಇದ್ರೆ ಬಾಗ್ಲು ಹಾಕ್ಕಂಡು ಕೂತ್ಕಳಾದಾ? ನನ್ನ ಕೈಲಾಗಾಕಿಲ್ಲ ಕಣಮ್ಮ."

ಆ ಮಾತೇ ಮಲ್ಲೇಶ್ವರಿಗೆ ದಾರಿ ತೋರಿಸಿತು. ಒಂದು ಮಧ್ಯಾಹ್ನ ಇಬ್ಬರೂ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಾಗ ಕೇಳಿದಳು.

"ಅತ್ತೆ, ನಿಮ್ಮ ಮಗಳು ಬಾಣಂತನಕ್ಕೆ ಬಂದಾಗ ಆರತಿ ತಟ್ಟೆ ತಗಂಡು ಬಸ್‌ಸ್ಟ್ಯಾಂಡಿಗೆ ಓಡಿದ್ರಾ?"

"ಯಾರಾನಾ ಓಡ್ತಾರೇನೇ? ಹೊಸ್ಲಾಗೆ ನಿಂತ್ಕಂಡು ಎತ್ತಿದ್ದೆ."

"ಹೊಳೆಗೂ ಹಂಗೇ ಮಾಡಾನ."

"ಹೊಳೆಗೆ ಹೊಸ್ಲು ಎಲ್ಲೈತೆ?"

"ನಾನು ಹಾಕ್ತೀನಿ."

ಮೂರನೆಯ ಕಂಬಕ್ಕಿಂತ ಮೇಲೆ, ದಿಬ್ಬದ ನೆತ್ತಿಯಲ್ಲಿ ಒಂದು ಉದ್ದನೆಯ ಚಪ್ಪಡಿ ಹಾಕಿಸಿ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದಳು. ಬಾಗಿನ ಹಿಡಿದವರು ಅದರ ಈಚೆಗೇ ನಿಲ್ಲಬೇಕು. ಓಬಮ್ಮ ಕಾಯಿ ಒಡೆಯುವವರೆಗೆ ಯಾರೂ ದಾಟಬಾರದು. ಇಷ್ಟಕ್ಕೆಲ್ಲ ಮುದುಕಿ ಒಪ್ಪಿದಳು. ತೊಡಕು ಬಂದದ್ದು ಕೊನೆಯ ಮಾತಿಗೆ.

"ಕಾಯಿ ನಿಮ್ದೇ ಅತ್ತೆ. ಒಡೆಯೋ ಹೊತ್ತು ಮಾತ್ರ ಕಂಬ ನೋಡಿ ನಾನು ಹೇಳ್ತೀನಿ. ನೀರು ಏರೋದು ನಿಲ್ಲಬೇಕು."

"ಸೊಸೆ ಹೇಳಿದ ಹೊತ್ಗೆ ಅತ್ತೆ ಕಾಯಿ ಒಡೀಬೇಕಾ?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯೇನೋ ಇದೆ. ತನ್ನ ಕಾಲ ಮುಗಿಯಿತೆಂದು ಯಾವ ಅತ್ತೆ ಒಪ್ಪಿಕೊಂಡಿದ್ದಾಳೆ? ಓಬಮ್ಮ ಮುಖ ತಿರುಗಿಸಿಕೊಂಡೇ ಮುದ್ದೆ ಹಾಕಿಸಿಕೊಳ್ಳುತ್ತಿದ್ದಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಮರುವರ್ಷ ಕಡಲೆಕಾಯಿ ಕೀಳುವ ಹೊತ್ತಿಗೆ ರುದ್ರೇಶನ ಫೋನ್ ಬಂತು. ಗಾಬರಿಯಲ್ಲಿದ್ದ. "ಅಕ್ಕಾ, ಮೇಲಿನ ಕೆರೆಗಳೆಲ್ಲ ಕೋಡಿ ಬಿದ್ದಿವೆ. ಈ ಸಲದ್ದು ದೊಡ್ಡದು."

ಮಲ್ಲೇಶ್ವರಿ ಮೈಕಿನಲ್ಲಿ ಕೂಗಿದಳು: "ಗಂಗಮ್ಮ ಬತ್ತಾವ್ಳೆ. ಎಲ್ಲಾರೂ ಹೊಸ್ಲತ್ರಕ್ಕೆ ಬರ್ರಿ. ಹೊಳೇಗೆ ಯಾರೂ ಇಳೀಬ್ಯಾಡ್ರಿ!"

ಜನ ಬಂದರು, ಪಟ್ಟೆಯ ಈಚೆಗೆ ನಿಂತರು. ಬಿಸಿಲು ಚುರುಗುಟ್ಟುತ್ತಿತ್ತು. ಸ್ವಲ್ಪ ಹೊತ್ತಿಗೆ ತರಗೆಲೆ, ನೊರೆ ತಳ್ಳಿಕೊಂಡು ತೆಳ್ಳಗೆ ನೀರು ಬಂತು, ಹೋದ ವರ್ಷದಷ್ಟೇ. ಮೊದಲ ಕಂಬದ ಬುಡವಷ್ಟೇ ನೆನೆಯಿತು.

"ಇಷ್ಟಕ್ಕಾ ಅತ್ಗೆ?" ಎಂದ ಆದೆಪ್ಪ. "ಮೊದಲ್ನೇ ನೀರು ಹೊಂಟೋಯ್ತದೆ, ಇಳೀತೀವಿ ಬಿಡು."

"ಏರ್ತಾ ಐತೆ ಆದೆಪ್ಪ, ನಿಲ್ಲು."

ಹಿಂದಿನವರು ನೂಕತೊಡಗಿದರು. ಒಬ್ಬಳು ಪಟ್ಟೆ ದಾಟಿ ಒಂದು ಕಾಲು ಇಟ್ಟೇಬಿಟ್ಟಳು. ಮಲ್ಲೇಶ್ವರಿ ಅತ್ತೆಯ ಮುಖ ನೋಡಿದಳು. ಇನ್ನು ತನ್ನ ಕೈಯಲ್ಲಿ ಏನೂ ಇರಲಿಲ್ಲ. ಮುದುಕಿ ಕಾಯಿ ಒಡೆದರೆ ಊರೆಲ್ಲ ಇಳಿಯುತ್ತದೆ. ಓಬಮ್ಮನ ಕಣ್ಣು ಆ ನೀರಿನ ಮೇಲೆ ನೆಟ್ಟಿತ್ತು, ಕಾಯಿ ಕೈಯಲ್ಲೇ ಇತ್ತು. ಆ ವಯಸ್ಸಿಗೆ ಮುಂದಿನ ಹೊಳೆ ನೋಡುವ ಭರವಸೆ ಯಾರಿಗಿರುತ್ತದೆ?

ಮುದುಕಿ ಕಾಯಿಯನ್ನು ಸೆರಗಿನೊಳಗೆ ಸುತ್ತಿಕೊಂಡು ಜನರ ಕಡೆ ತಿರುಗಿದಳು.

"ನನ್ ಸೊಸೆ ಹೇಳಗಂಟ ಯಾವಳಾನಾ ದಾಟಿದ್ರೆ ಕಾಲು ಮುರೀತೀನಿ. ಹಿಂದಕ್ಕೆ ಬಾರೇ!"

ದಾಟಿದವಳು ಹಿಂದಕ್ಕೆ ಬಂದಳು. ಅಷ್ಟರಲ್ಲಿ ಗುಡ್ಡದ ತಿರುವಿನಲ್ಲಿ ಗುಡುಗಿದ ಹಾಗೆ ಸದ್ದಾಯಿತು. ಬೇರುಸಮೇತ ಹೊಂಗೆಮರಗಳನ್ನು ಹೊತ್ತ ಕೆಂಪುನೀರು ಆಳೆತ್ತರ ಬಂದು, ಮೊದಲ ಕಂಬವನ್ನು ನುಂಗಿ, ಎರಡನೆಯದನ್ನೂ ನುಂಗಿತು. ಕಳೆದ ಸಲ ಮಕ್ಕಳು ಕುಣಿದ ಮರಳು ಕಾಣದಾಯಿತು. ಆದೆಪ್ಪ ಕೈಮುಗಿದು ನಿಂತಿದ್ದ, ಹೊಳೆಗೋ ಅತ್ತಿಗೆಗೋ ಅವನಿಗೇ ಗೊತ್ತಿರಲಿಲ್ಲ. ಮಲ್ಲೇಶ್ವರಿ ಮೂರನೆಯ ಕಂಬದ ಹತ್ತಿರ ಫೋನ್ ಹಿಡಿದು ಕಚೇರಿಗೆ ಅಳತೆ ಹೇಳುತ್ತಲೇ ಇದ್ದಳು. ಅವಳ ದನಿ ಒಮ್ಮೆಯೂ ಒಡೆಯಲಿಲ್ಲ. ಅವಳು ಹೇಳಿದ್ದೇ ಕೆಳಗಿನ ಊರುಗಳಿಗೂ ಎಚ್ಚರಿಕೆಯಾಗಿ ಹೋಗುತ್ತಿತ್ತು.

ಸೂರ್ಯ ಗುಡ್ಡಕ್ಕೆ ತಾಗುವ ಹೊತ್ತಿಗೆ ನೀರು ಏರುವುದನ್ನು ನಿಲ್ಲಿಸಿತು. ಪಟ್ಟೆಗಿಂತ ಇನ್ನೂ ಒಂದಾಳೆತ್ತರ ಕೆಳಗಿತ್ತು. ಮಲ್ಲೇಶ್ವರಿ ಸೆರಗಿನಿಂದ ಮುಖ ಒರೆಸಿಕೊಂಡು ಅತ್ತೆಯ ಹತ್ತಿರ ಬಂದಳು.

"ನಿಂತೈತೆ ಅತ್ತೆ. ಇಲ್ಲಿಂದ್ಲೇ ಒಡೀರಿ."

ಓಬಮ್ಮ ಕಾಯಿ ತೆಗೆಯಲಿಲ್ಲ. ಅಲ್ಲಿ ನಿಂತವರಿಗೆಲ್ಲ ಕೇಳಲಿ ಎನ್ನುವಷ್ಟು ಗಟ್ಟಿಯಾಗಿ ಹೇಳಿದಳು:

"ಇನ್ನೊಂದ್ಕಿತ ನೋಡಿ ಹೇಳಮ್ಮ. ನನ್ಗೇನೂ ಆತ್ರ ಇಲ್ಲ."