ಅತ್ತೆ ಮೊದಲು ತಿಂದು ನೋಡಿದ ಬಾಣಂತನ

ನನ್ನ ಬಾಣಂತನದಲ್ಲಿ ನಾನು ಏನು ತಿನ್ನಬೇಕು, ಏನು ತಿನ್ನಬಾರದು ಎಂದು ನಿರ್ಧರಿಸುತ್ತಿದ್ದದ್ದು ನನ್ನ ಅತ್ತೆಯ ಹೊಟ್ಟೆ. ತಮಾಷೆಗೆ ಹೇಳುತ್ತಿಲ್ಲ. ವರ್ತೂರಿನ ನಮ್ಮ ಮನೆಯಲ್ಲಿ ಯಾವುದೇ ಬೇಳೆ, ತರಕಾರಿ, ಸೊಪ್ಪು ನನ್ನ ತಟ್ಟೆಗೆ ಬರುವ ಮೊದಲು ಅತ್ತೆ ತಾವು ಒಂದು ಬಟ್ಟಲು ತಿಂದು, ಜಗಲಿಯ ಮೇಲೆ ಗೋಡೆಗೆ ಒರಗಿ ಕೂತು, ಹೊಟ್ಟೆ ಏನು ಹೇಳುತ್ತದೋ ಎಂದು ಕಾಯುತ್ತಿದ್ದರು. ಮಧ್ಯಾಹ್ನದೊಳಗೆ ತೇಗು ಬಂದರೆ ಆ ಪದಾರ್ಥ ಫೇಲು.

ಇದಕ್ಕೆಲ್ಲ ಕಾರಣ ನನ್ನ ಮಗಳು. ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ. ಎದೆಗೆ ಬಾಯಿ ಹಾಕಿ ನಾಲ್ಕು ಗುಟುಕು ಕುಡಿಯುವುದು, ತಟ್ಟನೆ ಕಿತ್ತುಕೊಳ್ಳುವುದು, ಕಾಲೆರಡನ್ನೂ ಹೊಟ್ಟೆಗೆ ಎಳೆದುಕೊಂಡು ಮುಖ ಕೆಂಪಗೆ ಮಾಡಿ ಕಿರುಚುವುದು. ಮತ್ತೆ ಹಾಲು ಬೇಕು, ಮತ್ತೆ ಬೇಡ. ಹೊಟ್ಟೆ ಮುಟ್ಟಿದರೆ ತಮಟೆಯ ಹಾಗೆ ಬಿಗಿ. ಹೊಕ್ಕಳ ಸುತ್ತ ಇಂಗು ಹಚ್ಚಿದ್ದಾಯಿತು, ಕೈಗೆ ಬಜೆಯ ಬಳೆ ಹಾಕಿದ್ದಾಯಿತು, ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟು ನಾವೆಲ್ಲರೂ ಕೆಮ್ಮಿದ್ದೂ ಆಯಿತು. ನನ್ನ ಗಂಡ ಕಂಪನಿಗಳಿಗೆ ಕ್ಯಾಬ್ ಓಡಿಸುತ್ತಿದ್ದವರು. ಟ್ರಿಪ್ ಮುಗಿಸಿ ಬಂದ ಕೂಡಲೇ ಕೈ ತೊಳೆದು, ಮಗುವನ್ನು ಅಂಗಾತ ಮಲಗಿಸಿ, ಅದರ ಕಾಲು ಹಿಡಿದು ಸೈಕಲ್ ತುಳಿಸುತ್ತಿದ್ದರು. ಒಂದು ಸಣ್ಣ ಹೂಸು ಬಂದರೆ ಸಾಕು, ಮನೆಯಲ್ಲಿ ಹಬ್ಬ. 'ಬಂತು, ಬಂತು' ಎಂದು ನಾವು ಮೂವರೂ ಒಟ್ಟಿಗೆ ಕೂಗುತ್ತಿದ್ದೆವು. ಒಂದು ದಿನ ಮೇಲಿನ ಮನೆಗೆ ಬಾಡಿಗೆಗೆ ಬಂದಿದ್ದ ಹುಡುಗಿ ಮೆಟ್ಟಿಲಿನಿಂದ ಬಗ್ಗಿ, 'ಆಂಟಿ, ಏನಾದ್ರೂ ಫಂಕ್ಷನ್ನಾ?' ಎಂದು ಕೇಳಿದಳು.

ನನಗೆ ತಾಯಿ ಇಲ್ಲ. ಮದುವೆಗೆ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಬಾಣಂತನಕ್ಕೆ ತವರಿಗೆ ಹೋಗುವ ಮಾತಿರಲಿಲ್ಲ. 'ಅವ್ವ ಇಲ್ದಿರೋ ಮಗ್ಳು ಅಂತ ಯಾರೂ ಬೆಟ್ಟು ಮಾಡ್ಬಾರ್ದು, ನಾನೇ ಮಾಡ್ತೀನಿ' ಎಂದು ಅತ್ತೆ ಸೆರಗು ಸಿಕ್ಕಿಸಿ ನಿಂತಿದ್ದರು. ನಿಂತರು ಅಂದರೆ ಹಾಗೆ ಹೀಗೆ ಅಲ್ಲ. ಬಾಣಂತಿ ತಿಂದದ್ದೆಲ್ಲ ಹಾಲಿಗೆ ಇಳಿಯುತ್ತದೆ, ಹಾಲಿಗೆ ಇಳಿದದ್ದು ಮಗುವಿನ ಹೊಟ್ಟೆಗೆ ಹೋಗುತ್ತದೆ, ಆದ್ದರಿಂದ ಮೊದಲು ತಮ್ಮ ಹೊಟ್ಟೆಯಲ್ಲಿ ಪರೀಕ್ಷೆ ಆಗಲಿ ಎಂಬುದು ಅವರ ಲೆಕ್ಕ. ಲೆಕ್ಕದಲ್ಲಿ ಇದ್ದ ತೊಂದರೆ ಒಂದೇ. ಅತ್ತೆಗೆ ಹುಟ್ಟಾ ಗ್ಯಾಸು. ನೀರು ಕುಡಿದರೂ ತೇಗುವ ಹೆಂಗಸು ಅವರು.

ಮೊದಲನೇ ದಿನವೇ ತೊಗರಿಬೇಳೆ ಫೇಲಾಯಿತು. ಆಲೂಗಡ್ಡೆ, ಬದನೆಕಾಯಿ, ಸೀಮೆಬದನೆಕಾಯಿ ಸಾಲಾಗಿ ಹೋದವು. ಹೆಸರುಬೇಳೆ ಮಧ್ಯಾಹ್ನದವರೆಗೆ ಪಾಸಾಗಿತ್ತು. ನಾನು ತಟ್ಟೆ ಹಿಡಿದು ಕೂತಿದ್ದೆ, ಅಷ್ಟರಲ್ಲಿ ಜಗಲಿಯಿಂದ ದೊಡ್ಡದೊಂದು ತೇಗು ಕೇಳಿಸಿತು. ಅತ್ತೆ ಒಳಗೆ ಬಂದು ನನ್ನ ತಟ್ಟೆ ಎತ್ತಿಕೊಂಡು ಹೋದರು. ರಾಗಿಮುದ್ದೆ ತಿಂದಾಗಲೂ ತೇಗಿದರು. ಆದರೆ ಮುದ್ದೆಯನ್ನು ಫೇಲು ಮಾಡುವಷ್ಟು ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. 'ಇದು ಮುದ್ದೇದಲ್ಲ, ರಾತ್ರಿದು' ಎಂದು ಆ ತೇಗನ್ನು ಹಿಂದಿನ ದಿನದ ಖಾತೆಗೆ ಹಾಕಿದರು.

ಕೊನೆಗೆ ನನಗೆ ಉಳಿದದ್ದು ಮುದ್ದೆ, ಅನ್ನ, ತುಪ್ಪ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ ಮತ್ತು ಹೇಗೋ ಪಾಸಾದ ಸಬ್ಬಸಿಗೆ ಸೊಪ್ಪು. ದಿನವೂ ಅದೇ. ಹೊರಗೆ ಆಗ ಅವರೇಕಾಯಿ ಕಾಲ. ಬೀದಿಯಲ್ಲೆಲ್ಲ ಸೊಗಡಿನ ವಾಸನೆ, ಪಕ್ಕದ ಮನೆಯಿಂದ ಹಿತಕಿದಬೇಳೆ ಸಾರಿನ ಒಗ್ಗರಣೆ. ಅವರೇಕಾಯಿಗೆ ಪರೀಕ್ಷೆ ಬರೆಯುವುದಕ್ಕೂ ಅವಕಾಶ ಕೊಟ್ಟಿರಲಿಲ್ಲ. ನನ್ನ ಗಂಡ ಹೊರಗೆಲ್ಲೋ ಅವರೇಕಾಳಿನ ಉಪ್ಪಿಟ್ಟು ತಿಂದು ಬಂದು, ಗೊತ್ತಾಗದಿರಲಿ ಎಂದು ಸೋಂಪು ಅಗಿಯುತ್ತಾ ಒಳಗೆ ಬರುತ್ತಿದ್ದರು. ನನಗೆ ಗೊತ್ತಾಗುತ್ತಿತ್ತು, ಮತ್ತು ಅಳು ಬರುತ್ತಿತ್ತು. ಮಗು ಅಳುವುದು ಹಾಲಿಗೆ, ಮಗುವಿನ ತಾಯಿ ಅಳುವುದು ಅವರೇಕಾಳಿಗೆ.

ವೈಟ್‌ಫೀಲ್ಡಿನ ಮಕ್ಕಳ ಡಾಕ್ಟರರ ಹತ್ತಿರ ಹೋದೆವು. 'ನೀವು ಎಲ್ಲಾ ತಿನ್ನಿ, ಚೆನ್ನಾಗಿ ತಿನ್ನಿ. ಮಗು ಹಾಲಿನ ಜೊತೆ ಗಾಳಿ ನುಂಗತ್ತೆ, ಅಷ್ಟೇ. ಭುಜಕ್ಕೆ ಹಾಕ್ಕೊಂಡು ತೇಗು ತೆಗೆಸಿ. ತೂಕ ಏರ್ತಾ ಇದೆ, ಹೆದರ್ಬೇಡಿ' ಎಂದರು ಆ ಹುಡುಗ ಡಾಕ್ಟರು. ನಾನು ಗೆದ್ದೆ ಅಂದುಕೊಂಡೆ. ಅತ್ತೆ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ, 'ಇವ್ರಿಗೆ ಮದ್ವೆ ಆಗೈತಾ?' ಎಂದು ಕೇಳಿದರು. ಗೊತ್ತಿಲ್ಲ ಎಂದೆ. 'ಮತ್ತೆ?' ಎಂದರು. ಅಂದು ಮಧ್ಯಾಹ್ನವೂ ಮೆಣಸಿನ ಸಾರೇ.

ಆ ವಾರದಲ್ಲೇ ಅತ್ತಿಬೆಲೆಯಿಂದ ದೊಡ್ಡತ್ತೆ ಬಂದರು. ತೀರಿಹೋದ ನನ್ನ ಮಾವನ ಅಕ್ಕ. ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ. ಆಟೋ ವರ್ತೂರು ಕೆರೆಯ ಕೋಡಿ ದಾಟುವಾಗ ಅಲ್ಲಿನ ಕೊಳಕು ನೀರಿನಿಂದ ಹಾರಿಬಂದ ನೊರೆ ಅವರ ಸೆರಗಿನ ಮೇಲೆ ಕೂತಿತ್ತು. ಅದನ್ನು ಒದರಿಕೊಳ್ಳುತ್ತಾ, ಊರನ್ನು ಬೈಯುತ್ತಾ, ಒಂದು ಚೀಲ ಅವರೇಕಾಯಿ ಹೊತ್ತು ಒಳಗೆ ಬಂದರು. ಸಂಜೆ ಎಲ್ಲರೂ ಸುತ್ತ ಕೂತು ಕಾಳು ಬಿಡಿಸಿದೆವು. ನನ್ನ ಕೈಯಲ್ಲೂ ಬಿಡಿಸಿದರು. ನೆನೆಸಿ, ಹಿತಕಿ, ಮರುದಿನ ಬೆಳಿಗ್ಗೆ ಸಾರು ಮಾಡಿದರು. ನನಗೆ ಅನ್ನದ ಮೇಲೆ ಮೆಣಸಿನ ಸಾರು.

ಊಟವಾದ ಮೇಲೆ ಮಗು ಶುರು ಮಾಡಿತು. ಅಂದಿನ ಅಳು ಎಲ್ಲ ದಿನದ ಅಳುವಿಗಿಂತ ಒಂದು ಕೈ ಮೇಲೆ. ಎದೆಗೆ ಹಾಕಿದರೆ ಬೆನ್ನು ಬಿಲ್ಲಾಗಿ ಬಾಗಿಸಿ ಚೀರುತ್ತಿತ್ತು. ದೊಡ್ಡತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಮಗುವನ್ನು ನನ್ನ ಮಡಿಲಿನಿಂದ ಎತ್ತಿಕೊಂಡು, ಅತ್ತೆಯ ಕಡೆ ತಿರುಗಿ, 'ಇವ್ಳ ಆಲೇ ಸರಿಗಿಲ್ಲ ಕಣೇ. ಕೂಸಿಗೆ ಆಗ್ತಾ ಇಲ್ಲ. ನಿಲ್ಸಿ ಡಬ್ಬದ ಆಲು ಆಕಿ, ಸುಮ್ನೆ ಯಾಕೆ ಕೂಸನ್ನ ಸಾಯಿಸ್ತೀರ' ಎಂದರು.

ಇಷ್ಟು ದಿನ ಬದನೆಕಾಯಿ ಸರಿಯಿಲ್ಲ, ಬೇಳೆ ಸರಿಯಿಲ್ಲ ಅಂದಿದ್ದರು, ನಾನು ಸಿಡಿಮಿಡಿಗೊಂಡಿದ್ದೆ. ನಾನೇ ಸರಿಯಿಲ್ಲ ಅಂತ ಯಾರೂ ಅಂದಿರಲಿಲ್ಲ. ಎದೆಯಲ್ಲಿ ಹಾಲು ಸೋರಿ ರವಿಕೆ ಒದ್ದೆಯಾಗುತ್ತಿತ್ತು, ಮಗು ಅವರ ಕೈಯಲ್ಲಿತ್ತು.

ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು. 'ಆಲಲ್ಲ ಅತ್ಗೆ' ಎಂದರು. 'ಅವರೇಕಾಳು. ಬೆಳಿಗ್ಗೆ ನೀವು ಸ್ನಾನಕ್ಕೆ ಓದಾಗ ಆಸೆ ಪಟ್ಲು ಅಂತ ಎರಡು ಬಟ್ಲು ಸಾರು ಆಕ್ಬಿಟ್ಟೆ.'

ನಾನು ಬಾಯಿ ತೆರೆದೆ. ಅತ್ತೆ ನನ್ನ ಕಡೆ ಒಂದು ನೋಟ ಬೀರಿದರು. ಬಾಯಿ ಮುಚ್ಚಿದೆ.

ಆಮೇಲೆ ದೊಡ್ಡತ್ತೆ ಅವರನ್ನು ಬೈದ ಬೈಗುಳವನ್ನು ನಾನು ಇಲ್ಲಿ ಪೂರ್ತಿ ಬರೆಯಲಾರೆ. ಬಾಣಂತಿಗೆ ಅವರೇಕಾಳು ಹಾಕೋಳು ಹೆಂಗಸಾ, ಇಷ್ಟು ವಯಸ್ಸಾದರೂ ಬುದ್ಧಿ ಬೇಡವಾ, ನಮ್ಮ ಮನೆಗೆ ಬಂದಾಗಿನಿಂದ ನೀನು ಹೀಗೇ. ಅತ್ತೆ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ತಿನ್ನದ ಸಾರಿಗೆ ನಾನು ಕೂಡ ತಲೆ ತಗ್ಗಿಸಿದೆ. ಮನಸ್ಸು ತುಂಬುವಷ್ಟು ಬೈದ ಮೇಲೆ ದೊಡ್ಡತ್ತೆ ಮಗುವನ್ನು ಅತ್ತೆಗೆ ಕೊಟ್ಟು, ಹಾಲಿನ ಮಾತನ್ನು ಮರೆತು, ಸಂಜೆಯ ಬಸ್ಸಿಗೆ ಹೊರಟರು.

ಅವರ ಆಟೋ ತಿರುಗಿದ ಮೇಲೆ ನಾನು ಅಡುಗೆಮನೆಗೆ ಹೋದೆ. ಮಗು ಅತ್ತು ಸುಸ್ತಾಗಿ ತೊಟ್ಟಿಲಲ್ಲಿ ಮಲಗಿತ್ತು. ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದೆ.

ಅತ್ತೆ ಪಾತ್ರೆಯ ಮುಚ್ಚಳ ಸರಿ ಮಾಡುತ್ತಾ ನಿಂತರು. 'ನಿನ್ ಗಂಡನೂ ಇಂಗೇ ಅಳ್ತಿದ್ದ. ಒಟ್ಟೆ ಉಬ್ಬರ. ಈ ಅತ್ಗೇನೇ ಬಂದು ಇವ್ಳ ಆಲು ಸರಿಗಿಲ್ಲ ಅಂದ್ರು. ಎದೆಗೆ ಮಲ್ಲಿಗೆ ಊವು ಕಟ್ಟುದ್ರು, ಆಲು ಬತ್ತೋಗ್ಲಿ ಅಂತ. ಬತ್ತೋಯ್ತು.'

'ಆಮೇಲೆ ಅವರ ಅಳು ನಿಲ್ತಾ ಅತ್ತೆ?'

'ಎಲ್ ನಿಲ್ತದೆ. ಅಸಿನ್ ಆಲು ಕುಡ್ದೂ ಅಂಗೇ ಅಳ್ತಿದ್ದ. ಆದ್ರೆ ಅತ್ತಾಗ ನನ್ ಕೈಗೆ ಕೊಡ್ತಿರ್ಲಿಲ್ಲ.'

ಇಷ್ಟು ದಿನ ಅವರು ಜಗಲಿಯ ಮೇಲೆ ಕೂತು ಒಂದೊಂದೇ ತರಕಾರಿಯ ಮೇಲೆ ತಪ್ಪು ಹೊರಿಸುತ್ತಿದ್ದದ್ದು ಯಾತಕ್ಕೆ ಎಂದು ನನಗೆ ಆಗ ತಿಳಿಯಿತು. ಅಡುಗೆಮನೆಯಲ್ಲಿ ಎಲ್ಲಿಯವರೆಗೆ ಒಬ್ಬ ಅಪರಾಧಿ ಸಿಗುತ್ತಾನೋ ಅಲ್ಲಿಯವರೆಗೆ ನನ್ನ ಹಾಲಿನ ಮೇಲೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಅಳುತ್ತಾ ನಿಂತೆ.

'ಅಳ್ಬೇಡ, ಆಲು ಕಮ್ಮಿ ಆಗ್ತದೆ' ಎಂದು ಗದರಿದರು. ಆಮೇಲೆ ಉಳಿದ ಹಿತಕಿದಬೇಳೆ ಸಾರನ್ನು ಬಟ್ಟಲಿಗೆ ಬಗ್ಗಿಸಿ ನನ್ನ ಮುಂದೆ ಇಟ್ಟರು. 'ತಿಂದಿದ್ದೀಯ ಅಂತ ಬೈಸ್ಕೊಂಡಾಯ್ತಲ್ಲ. ತಿಂದ್ಬಿಡು.'

ನಿಂತಲ್ಲೇ ತಿಂದೆ. ಎರಡನೇ ಬಟ್ಟಲು ಅರ್ಧವಾಗುವಷ್ಟರಲ್ಲಿ ಒಳಗೆ ಮಗು ಎದ್ದು ಕಿರುಚತೊಡಗಿತು. ಅತ್ತೆ ಹೋಗಿ ಎತ್ತಿಕೊಂಡು ಬಂದರು. ಅದು ಕಾಲು ಮಡಚಿಕೊಂಡು, ಮುಷ್ಟಿ ಕಟ್ಟಿಕೊಂಡು, ಎಂದಿನಷ್ಟೇ ಅಳುತ್ತಿತ್ತು. ಅವರು ಅದನ್ನು ತಟ್ಟಿ ಸಮಾಧಾನ ಮಾಡಲು ನೋಡಲಿಲ್ಲ. ಅಳುತ್ತಿದ್ದ ಮಗುವನ್ನು ಹಾಗೇ ತಂದು ನನ್ನ ಕೈಗೆ ಕೊಟ್ಟರು.