ನಂಜೇಗೌಡರ ಸೀಮೆ ಪೆಟ್ಟಿಗೆ

ನನ್ನ ದೊಡ್ಡಪ್ಪ ನಂಜೇಗೌಡರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಸಂತೇಪೇಟೆಯ ಅವರ ಕಾಫಿಪುಡಿ ಅಂಗಡಿಯಲ್ಲಿ ಬೀಜ ಹುರಿಯುವ ಉರುಳೆಯೂ ಪುಡಿ ಮಾಡುವ ಮಿಷನ್ನೂ ಬೆಳಗಿನಿಂದ ಗಡಗಡಿಸುತ್ತಿದ್ದವು. ಅವುಗಳ ಮೇಲೆ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಯ ಕೊನೆಯವರು ತಿರುಗಿ ನೋಡುವಂತಾಗಿತ್ತು. ಗುಟ್ಟು ಹೇಳಬೇಕಾದಾಗ ಹತ್ತಿರ ಬಂದು, ಕಿವಿಗೆ ಬಾಯಿಟ್ಟು, ಕೂಗುತ್ತಿದ್ದರು. "ನಿಮ್ಮ ದೊಡ್ಡಮ್ಮಂಗೆ ಏಳ್ಬ್ಯಾಡ ಕಣವ್ವ" ಎಂದು ಅವರು ಶುರು ಮಾಡಿದರೆ ಅಡುಗೆಮನೆಯಿಂದ ದೊಡ್ಡಮ್ಮ, "ಏಳ್ದೇ ಇದ್ರೂ ಕೇಳುಸ್ತು ಬುಡಿ" ಎನ್ನುತ್ತಿದ್ದಳು.

ಅವರ ಬಗ್ಗೆ ಬರೆಯಲು ಹೊರಟಾಗಲೆಲ್ಲ ನನ್ನ ಕೈ ಅವರನ್ನು ಒಬ್ಬ ತಮಾಷೆಯ ಮನುಷ್ಯನನ್ನಾಗಿ ಮಾಡಿಬಿಡುತ್ತದೆ. ಮೇಲೆ ಮಾಡಿದ್ದೂ ಅದನ್ನೇ. ನಗಿಸಿ ಮುಗಿಸಿದರೆ ಮುಂದಿನದನ್ನು ಹೇಳಬೇಕಾಗಿಲ್ಲವಲ್ಲ.

ಇಲವಾಲದ ಪಕ್ಕದ ನಮ್ಮ ಹಳ್ಳಿಯಿಂದ ಕಾಲೇಜು ಓದಲು ಬಂದ ನಾನು ಕನ್ನೇಗೌಡನ ಕೊಪ್ಪಲಿನ ಅವರ ಮನೆಯಲ್ಲಿದ್ದೆ. ಅದೇ ವರ್ಷದ ದಸರಾ ವಸ್ತುಪ್ರದರ್ಶನಕ್ಕೆ ನನ್ನನ್ನು ಕರೆದುಕೊಂಡು ಹೋದರು. ಅಲ್ಲಿ ಒಂದು ಮಳಿಗೆಯಲ್ಲಿ ಹೊರದೇಶದ ಹೈ-ಫೈ ಸೆಟ್ಟೊಂದು ಹಾಡುತ್ತಿತ್ತು. ಸ್ಪೀಕರು ಅಕ್ಕಿ ಮೂಟೆಯ ಗಾತ್ರದ್ದು. ಮೃದಂಗದ ಎಡಗೈ ಪೆಟ್ಟು ನೆಲದಿಂದ ಅಂಗಾಲಿಗೆ ಹತ್ತುತ್ತಿತ್ತು. ದೊಡ್ಡಪ್ಪನಿಗೆ ಸಣ್ಣ ದನಿಗಳು ಆಗಲೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಈ ದಪ್ಪ ದನಿ ಕೇಳಿಸಿತು. ನಾನು ಬಳೆ ಅಂಗಡಿಗಳನ್ನು ಸುತ್ತಿ ಬಂದೆ, ಹಪ್ಪಳ ತಿಂದು ಬಂದೆ. ಅವರು ಅಲ್ಲೇ ನಿಂತಿದ್ದರು.

"ಮೈಕಲ್ಲಿ ಬರೋದೆಲ್ಲ ಬರೀ ಚಿಕೋರಿ ಕಣವ್ವ ಜಯ," ಎಂದು ಇಡೀ ಮೈದಾನಕ್ಕೆ ಕೇಳುವಂತೆ ಹೇಳಿದರು. "ಇದು ನೋಡು, ಅಪ್ಪಟ ಬೀಜ!"

ಆಮೇಲೆ ಅವರಿಗೆ ಬೇರೆ ಯಾವ ಮಾತೂ ರುಚಿಸಲಿಲ್ಲ. ಅಂಥ ಸೆಟ್ಟು ಇಲ್ಲಿ ಸಿಗುತ್ತಿರಲಿಲ್ಲ. ಹೊರಗಿನಿಂದ ಹೊಸದನ್ನು ತರಿಸಿದರೆ ಬೆಲೆಯನ್ನೂ ಮೀರಿಸುವ ಸುಂಕ. ಉಪಾಯ ಹೇಳಿದವರು ಅಂಗಡಿಯ ಹಳೆಯ ಗಿರಾಕಿ ಅನಂತಯ್ಯ ಮೇಷ್ಟ್ರು. ನಮ್ಮ ಕೊಪ್ಪಲಿನ ರಸ್ತೆಯಾಚೆಯ ಸರಸ್ವತಿಪುರದಲ್ಲಿ ಮನೆ, ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ. ಹೆಚ್ಚಿನ ಓದಿಗೆಂದು ಇಂಗ್ಲೆಂಡಿಗೆ ಹೊರಟಿದ್ದರು. ಅಲ್ಲಿ ಯಾರಾದರೂ ಬಳಸಿದ ಸೆಟ್ಟನ್ನು ಕೊಂಡು, ತಾವೂ ಒಂದಷ್ಟು ಕಾಲ ಬಳಸಿ, ಮನೆಸಾಮಾನಿನ ಜೊತೆ ಹಡಗಿನಲ್ಲಿ ತಂದರೆ ಸುಂಕ ಅಲ್ಪ. ಷರತ್ತು ಒಂದೇ: ತಂದವರು ಕೆಲವು ವರ್ಷ ಅದನ್ನು ಮಾರಬಾರದು, ಇನ್ನೊಬ್ಬರಿಗೆ ಕೊಡಬಾರದು.

"ಅದೆಲ್ಲ ಕಾಗದದ ಮಾತು ಗೌಡ್ರೇ, ಯಾರು ಬಂದು ನೋಡ್ತಾರೆ?" ಎಂದರು ಮೇಷ್ಟ್ರು.

ಹೊರದೇಶಕ್ಕೆ ಹಣ ಕಳಿಸುವುದು ಆಗಿನ ಕಾಲದಲ್ಲಿ ಆಗದ ಮಾತು. ದೊಡ್ಡಪ್ಪ ಇಲ್ಲಿ ಮೇಷ್ಟ್ರ ಮನೆಯ ಖರ್ಚು ನೋಡಿಕೊಂಡರು. ಮೇಷ್ಟ್ರು ಅಲ್ಲಿ ತಮ್ಮ ವಿದ್ಯಾರ್ಥಿವೇತನದಲ್ಲಿ ಉಳಿಸಿ ಸೆಟ್ಟು ಕೊಂಡರು. ಬೊಂಬಾಯಿ ಬಂದರಿನಲ್ಲಿ ಕಟ್ಟಬೇಕಾದ ಸುಂಕವನ್ನೂ ದೊಡ್ಡಪ್ಪನೇ ಕೊಟ್ಟರು. ಅಷ್ಟು ಕಾಲವೂ ನಮ್ಮ ಮನೆಗೆ ಹಬ್ಬದ ಬಟ್ಟೆ ಬರಲಿಲ್ಲ. ಪೆಟ್ಟಿಗೆಗೆ ಜಾಗ ಮಾಡಲು ಪಡಸಾಲೆಯ ರಾಗಿ ಗುಡಾಣವನ್ನು ಹಿತ್ತಿಲಿಗೆ ಸಾಗಿಸಿದ್ದಾಯಿತು. ರಾಗಿ ತೆಗೆಯಲು ಹೋಗಿ ಬಂದಾಗಲೆಲ್ಲ ದೊಡ್ಡಮ್ಮ ಕೇಳುತ್ತಿದ್ದಳು: "ಯಾವಾಗ ದಯಮಾಡ್ಸ್ತದಂತೆ ನಿಮ್ಮ ಸೀಮೆ ಪೆಟ್ಗೆ?"

ಪೆಟ್ಟಿಗೆ ಬಂತು. ಸರಸ್ವತಿಪುರಕ್ಕೆ ಬಂತು. "ಯಾರಾದರೂ ತಪಾಸಣೆಗೆ ಬಂದರೆ ಕಷ್ಟ, ಸ್ವಲ್ಪ ದಿನ ಇಲ್ಲೇ ಇರಲಿ" ಎಂದರು ಮೇಷ್ಟ್ರು. ಊರು ಬಿಡುವಾಗ ಇಲ್ಲದ ಭಯ ಬಂದರಿನ ಅಧಿಕಾರಿಗಳ ಮುಂದೆ ನಿಂತು ಬಂದ ಮೇಲೆ ಅವರಿಗೆ ಹತ್ತಿತ್ತು. ದೊಡ್ಡಪ್ಪ ಒಪ್ಪಿದರು. ಅಂದಿನಿಂದ ಅಂಗಡಿ ಮುಚ್ಚಿ ಬಂದು, ಮುಖ ತೊಳೆದು, ಒಗೆದ ಅಂಗಿ ತೊಟ್ಟು, ತಮ್ಮ ಸೆಟ್ಟು ಕೇಳಲು ರಸ್ತೆ ದಾಟಿ ಹೋಗುವುದು ಶುರುವಾಯಿತು. ಮೇಷ್ಟ್ರ ಹೆಂಡತಿ ಕಮಲಮ್ಮನವರು ನನಗೆ ಕಾದಂಬರಿಗಳನ್ನು ಕೊಡುತ್ತಿದ್ದರು, ಹಾಗಾಗಿ ನಾನೂ ಜೊತೆಗೆ.

ದೊಡ್ಡಪ್ಪನ ಮೆಲುದನಿಯನ್ನು ನಾನು ಮೊದಲು ಕೇಳಿದ್ದು ಆ ಮನೆಯಲ್ಲಿ. ಬಾಗಿಲ ಪಕ್ಕದ ಬೆತ್ತದ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಅಲ್ಲಿ ಕೂರಿ ಎಂದು ಯಾರೂ ಹೇಳಿರಲಿಲ್ಲ. "ಮೇಷ್ಟ್ರೇ, ತೊಂದ್ರೆ ಇಲ್ದಿದ್ರೆ ಒಂದು ಮೃದಂಗದ ಪ್ಲೇಟು ಆಕ್ತೀರಾ?" ಎನ್ನುವ ಆ ದನಿ ಬೇರೆ ಯಾರದೋ ಎನಿಸುತ್ತಿತ್ತು. ಒಂದೊಂದು ದಿನ ಗೇಟಿನಲ್ಲೇ, "ಇವತ್ತು ನೆಂಟರಿದ್ದಾರೆ ಗೌಡ್ರೇ" ಎಂಬ ಮಾತು ಬರುತ್ತಿತ್ತು. "ಆಗ್ಲಿ ಬುದ್ಧಿ, ಆಗ್ಲಿ" ಎಂದು ತಿರುಗಿಬಿಡುತ್ತಿದ್ದರು. ನಮ್ಮ ಬೆನ್ನ ಹಿಂದೆ ಕಿಟಕಿಯಿಂದ ಮೃದಂಗ ಕೇಳಿಸುತ್ತಿತ್ತು. ಕೇಳಿಸುತ್ತಿತ್ತೇ? ರಸ್ತೆಯವರೆಗೆ ಕೇಳುವಷ್ಟು ಜೋರಾಗಿ ಮೇಷ್ಟ್ರು ಎಂದೂ ಹಾಕುತ್ತಿರಲಿಲ್ಲ. ಇದನ್ನು ನಾನು ಕಟ್ಟಿಕೊಂಡಿರಬೇಕು; ಹೊಡೆದು ಹಾಕುತ್ತೇನೆ.

ಇದು ಮಾತ್ರ ನಡೆದದ್ದು. ಒಂದು ಸಂಜೆ ದೊಡ್ಡಪ್ಪ ಎದ್ದು ಹೋಗಿ ಸ್ಪೀಕರಿನ ಮರದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಕಮಲಮ್ಮ ಒಳಗಿನಿಂದ ಬಂದವರು, "ಅಯ್ಯೋ ಗೌಡ್ರೇ, ಅದರ ಮೇಲೆ ಕೈ ಇಡಬೇಡಿ, ಬೆರಳ ಗುರುತು ಕೂತ್ಕೊಳ್ಳುತ್ತೆ" ಎಂದರು. ಅವರು ಒಳ್ಳೆಯ ಹೆಂಗಸು. ಯಾರಿಗಾದರೂ ಹಾಗೆಯೇ ಹೇಳುತ್ತಿದ್ದರು. ದೊಡ್ಡಪ್ಪ ಕೈ ತೆಗೆದು, ಪಂಚೆಯ ಅಂಚಿನಿಂದ ಆ ಜಾಗವನ್ನು ಒರೆಸಿದರು. ಕಮಲಮ್ಮನವರ ಮಾತಿಗೆ ನನಗೆ ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನನಗೆ ನಾಚಿಕೆಯಾದದ್ದು ದೊಡ್ಡಪ್ಪನ ಬೆರಳುಗಳಿಗೆ, ಉಗುರುಗಳಲ್ಲಿದ್ದ ಕಂದು ಪುಡಿಗೆ.

ನಾವು ಅಲ್ಲಿದ್ದ ಒಂದು ಸಂಜೆ ತಪಾಸಣೆಯವರು ನಿಜವಾಗಿಯೂ ಬಂದರು. ಇಬ್ಬರು, ಸಭ್ಯರು. ಸೆಟ್ಟು ತಂದವರ ಮನೆಯಲ್ಲೇ ಇದೆಯೇ ಎಂದು ನೋಡುವುದಷ್ಟೇ ಅವರ ಕೆಲಸ. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಬಂದವರಲ್ಲೊಬ್ಬ ಬಾಗಿಲ ಬಳಿಯಲ್ಲಿದ್ದ ದೊಡ್ಡಪ್ಪನನ್ನು, "ನೀವು ಯಾರು?" ಎಂದು ಕೇಳಿದ.

"ಕಾಫಿಪುಡಿಯವನು ಬುದ್ಧಿ. ಪುಡಿ ಕೊಡಾಕೆ ಬಂದಿದ್ದೆ."

"ಈ ಹುಡುಗಿ ನಿಮ್ಮ ಕಡೆಯವಳಾ?"

ದೊಡ್ಡಪ್ಪ ನನ್ನತ್ತ ನೋಡಲಿಲ್ಲ. "ಇಲ್ಲ ಬುದ್ಧಿ. ಅಮ್ಮಾವ್ರಿಗೆ ಬೇಕಾದವ್ರು ಇರ್ಬೇಕು ಅವ್ರು."

ನನ್ನನ್ನು ಅವರು ಬಹುವಚನದಲ್ಲಿ ಕರೆದದ್ದು ಅದೊಂದೇ ಸಲ. ಸೆಟ್ಟಿಗೂ ತಮಗೂ ನಡುವೆ ಒಂದು ಎಳೆಯೂ ಉಳಿಯಬಾರದೆಂದು, ಮೇಷ್ಟ್ರು ಸಿಕ್ಕಿಬೀಳಬಾರದೆಂದು ನನ್ನನ್ನೂ ಕಡಿದುಕೊಂಡಿದ್ದರು. ಕಾದಂಬರಿ ಹಿಡಿದು ಸೋಫಾದ ಮೇಲೆ ಕುಳಿತಿದ್ದ ನನಗೆ ಒಂದು ಗಳಿಗೆ ಹಾಯೆನಿಸಿತು. ಇದನ್ನೂ ಆಮೇಲೆ ಸೇರಿಸಿಕೊಂಡಿರಬಹುದೇ ಎಂದು ಎಷ್ಟೋ ಸಲ ಕೆದಕಿ ನೋಡಿದ್ದೇನೆ. ಇಲ್ಲ. ಉಳಿದದ್ದೆಲ್ಲ ಅಲುಗುತ್ತದೆ, ಇದು ಅಲುಗುವುದಿಲ್ಲ.

ದಾರಿಯಲ್ಲಿ ಅವರ ಗಂಟಲು ಮತ್ತೆ ತೆರೆಯಿತು. "ಕಾಫಿಪುಡಿಯವನು ಅಂದಿದ್ದು ಸುಳ್ಳಲ್ಲ, ಅಲ್ವೇನವ್ವ?" ಎಂದರು. ಸ್ವಲ್ಪ ದೂರ ನಡೆದು, "ಬ್ಯಾಡ ಈ ಕಳ್ಳಾಟ. ನಾಳೆ ಸುಂಕದ ಆಫೀಸಿಗೆ ಓಗನ ನಡಿ. ಎಷ್ಟಾಯ್ತದೋ ಪೂರ್ತಿ ಕಟ್ಬುಡನ. ರಾಜಾರೋಷವಾಗಿ ಮನೆಗೆ ತರನ."

ಹೋದೆವು. ಕಚೇರಿಯ ಗುಮಾಸ್ತನ ಮುಂದೆ ದೊಡ್ಡಪ್ಪ ಕೈಮುಗಿದು ನಿಂತರು.

"ಸ್ವಾಮಿ, ಒಂದು ಸಾಮಾನಿಗೆ ಸುಂಕ ಕಟ್ಬೇಕಾಗಿತ್ತು. ಇಂಗ್ಲೆಂಡಿನ ಆಡೋ ಪೆಟ್ಗೆ."

"ಸಾಮಾನು ಎಲ್ಲಿದೆ?"

"ಒಬ್ಬರ ಮನೇಲಿ."

"ಯಾರದು?"

ದೊಡ್ಡಪ್ಪ ನನ್ನ ಮುಖ ನೋಡಿದರು. "ಅವರದೇ."

"ಅವರದಾದ್ರೆ ನೀವ್ಯಾಕ್ರೀ ಕಟ್ತೀರಿ?"

"ಕಟ್ಟುದ್ರೆ ನಂದಾಯ್ತದಲ್ಲ ಅಂತ."

ಗುಮಾಸ್ತ ಪಕ್ಕದ ಮೇಜಿನವನ ಕಡೆ ತಿರುಗಿದ. "ಕೇಳಿದ್ರೇನ್ರೀ? ಹಾಗಾದ್ರೆ ನಾನು ನಾಳೆ ಅರಮನೆ ಕಂದಾಯ ಕಟ್ಬುಡ್ತೀನಿ. ಸಾಯಂಕಾಲ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಹೋಗಿ ಇದ್ದುಬಿಡೋದೇ!"

ಎಲ್ಲರೂ ನಕ್ಕರು. ದೊಡ್ಡಪ್ಪನೂ ಮರ್ಯಾದೆಗೆ ನಕ್ಕರು. ನಗದೇ ಇದ್ದವರು ಒಳಗೆ ಕುಳಿತಿದ್ದ ಸಾಹೇಬರೊಬ್ಬರು. ಅವರು ನಮ್ಮನ್ನು ಕರೆದು ಕೂರಿಸಿದರು. "ನೋಡಿ ಯಜಮಾನ್ರೇ, ನಿಮ್ಮ ಸಾಮಾನನ್ನ ಬೇರೆ ಯಾರಾದ್ರೂ ತಮ್ಮದು ಅಂತ ತಂದಿದ್ರೆ ಹೇಳಿ. ದಾರಿ ಇದೆ. ಆದರೆ ನೀವು ಹೇಳಿದ ಮೇಲೆ ಅವರ ಹೆಸರು ನಾನು ಬರೆಯಲೇಬೇಕಾಗುತ್ತೆ."

ಮೇಷ್ಟ್ರದು ಸರ್ಕಾರದ ಕೆಲಸ. ದೊಡ್ಡಪ್ಪ ಮೇಜಿನ ಮೇಲಿದ್ದ ಮಸಿಕುಡಿಕೆಯನ್ನು ನೋಡಿದರು.

"ಅಂಗೇನೂ ಇಲ್ಲ ಬುದ್ಧಿ," ಎಂದರು. "ಸುಮ್ನೆ ಕೇಳ್ದೆ."

ಮೆಟ್ಟಿಲಿಳಿಯುವಾಗ ಅವರು ಹೇಳಿದ್ದು: "ಎಲ್ಲಾರೂ ಸುಂಕ ತಪ್ಸಾಕೆ ಒದ್ದಾಡ್ತಾರೆ. ನಾನು ಕೊಡ್ತೀನಿ ಅಂದ್ರೂ ಈಸ್ಕೊಳ್ಳೋರಿಲ್ಲ."

ಮರುವರ್ಷವೋ ಅದರಾಚೆಯ ವರ್ಷವೋ ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತು. ಸೆಟ್ಟನ್ನು ಅವರು ನುಂಗಿಹಾಕಿದರೆಂದೇ ನಮ್ಮ ಮನೆತನದಲ್ಲಿ ಇಂದಿಗೂ ಹೇಳುತ್ತಾರೆ. ಹಾಗಿದ್ದಿದ್ದರೆ ಎಷ್ಟು ಸಲೀಸು. ನಾನು ಅಲ್ಲೇ ಇದ್ದೆ. ಲಾರಿಗೆ ಸಾಮಾನು ಏರುತ್ತಿರುವಾಗ ಮೇಷ್ಟ್ರೇ ದೊಡ್ಡಪ್ಪನ ಕೈ ಹಿಡಿದುಕೊಂಡು, "ಗೌಡ್ರೇ, ಇದನ್ನ ನಿಮಗೇ ಕೊಟ್ಟುಬಿಡ್ತೀನಿ. ಇನ್ನು ಯಾರೂ ಕೇಳೋದಿಲ್ಲ. ಇಟ್ಕೊಳ್ಳಿ" ಎಂದರು. ಕಮಲಮ್ಮ, "ಹೌದು ಗೌಡ್ರೇ, ನೀವು ಎಷ್ಟು ಆಸೆಪಟ್ಟು ಕೇಳ್ತಿದ್ರಿ. ನಮ್ಮ ನೆನಪಿಗೆ ಇರಲಿ" ಎಂದು ಸೇರಿಸಿದರು. ಅವರು ಮನಸಾರೆ ಹೇಳುತ್ತಿದ್ದರು. ಅಷ್ಟು ವರ್ಷ ಆ ಮನೆಯ ನಡುವೆ ನಿಂತು, ಅವರ ಕೈಯಿಂದ ದೂಳು ಒರೆಸಿಸಿಕೊಂಡು, ನೆಂಟರಿಷ್ಟರಿಂದ ಹೊಗಳಿಸಿಕೊಂಡ ಮೇಲೆ, ಅದು ಯಾರದೆಂಬುದನ್ನು ಅವರು ಮರೆತೇಬಿಟ್ಟಿದ್ದರೋ ಏನೋ. ಮರೆತಿದ್ದರೆಂದೇ ನಾನು ನಂಬುತ್ತೇನೆ. ಕೆಲವು ದಿನ ನಂಬುವುದಿಲ್ಲ.

ದೊಡ್ಡಪ್ಪ ತಮ್ಮ ಸೆಟ್ಟಿನ ಮುಂದೆ ನಿಂತು, ಅದನ್ನು ಉಡುಗೊರೆಯಾಗಿ ಕೊಡುತ್ತಿದ್ದವರನ್ನು ನೋಡಿದರು.

"ಬ್ಯಾಡಿ ಅಮ್ಮಾವ್ರೇ," ಎಂದರು. "ಅಷ್ಟು ದೊಡ್ಡದೆಲ್ಲ ನಾನು ಈಸ್ಕೊಳ್ಳಬಾರ್ದು. ನಮ್ಮನೇಲಿ ಜಾಗಾನೂ ಇಲ್ಲ."

ಪಡಸಾಲೆಯಲ್ಲಿ ಜಾಗ ಹಾಗೆಯೇ ಇತ್ತು. ಸ್ಪೀಕರನ್ನು ಲಾರಿಗೆ ಏರಿಸುವಾಗ ಅವರೂ ಹೆಗಲು ಕೊಟ್ಟರು.

ಕೆಲವು ವರ್ಷಗಳಲ್ಲಿ ದೊಡ್ಡಪ್ಪ ತೀರಿಕೊಂಡರು. ಸುದ್ದಿ ತಡವಾಗಿ ತಲುಪಿ, ತಿಥಿ ಕಳೆದ ಮೇಲೆ ಮೇಷ್ಟ್ರು ಬಸ್ಸು ಹಿಡಿದು ಬಂದರು. ಚಾಪೆಯ ಮೇಲೆ ಕುಳಿತು ಕಣ್ಣೊರೆಸಿಕೊಂಡು, "ನನ್ನ ಸೆಟ್ಟಿಗೆ ಅಂಥ ಕೇಳುಗ ಮತ್ತೆ ಸಿಗಲಿಲ್ಲಮ್ಮ" ಎಂದರು. ಕಣ್ಣೀರು ನಿಜವಾದದ್ದೇ. ನನಗೆ ತಲೆ ಎತ್ತಲಾಗಲಿಲ್ಲ.

ಗೋಡೆಗೊರಗಿ ಕುಳಿತಿದ್ದ ದೊಡ್ಡಮ್ಮ ಕೇಳಿದಳು: "ಎಂಗಿತ್ತು ಸ್ವಾಮಿ, ಅದರ ದನಿ?"

ಅವಳು ಅದನ್ನು ಕೇಳಿಯೇ ಇರಲಿಲ್ಲ. ರಸ್ತೆ ದಾಟಿದರೆ ಆ ಮನೆ. ನಾವಿಬ್ಬರೂ ಅಷ್ಟೊಂದು ಸಂಜೆ ಹೋಗಿ ಬಂದಿದ್ದೆವು. ಬಂದು ಅವಳು ಬಡಿಸಿದ್ದನ್ನು ಉಂಡಿದ್ದೆವು. ನೀನೂ ಬಾ ಎಂದು ದೊಡ್ಡಪ್ಪ ಕರೆದಿರಲಿಲ್ಲ. ನನಗಂತೂ ಹೊಳೆದೇ ಇರಲಿಲ್ಲ.

ಮೇಷ್ಟ್ರು ಏನೋ ದೊಡ್ಡದಾಗಿ ವಿವರಿಸಲು ಕೈ ಎತ್ತಿದರು. ದೊಡ್ಡಮ್ಮನ ಮುಖ ನೋಡಿ ಕೈ ಇಳಿಸಿದರು. "ಬಹಳ ಚೆನ್ನಾಗಿತ್ತಮ್ಮ," ಎಂದರು. "ಈಗಲೂ ಚೆನ್ನಾಗಿದೆ."

ದೊಡ್ಡಮ್ಮ ತಲೆಯಾಡಿಸಿದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಸಂತೆಯಿಂದ ಬಂದ ಸಾಮಾನನ್ನು ಬಿಚ್ಚಿ ನೋಡಿದವಳ ಸಮಾಧಾನವಷ್ಟೇ ಇತ್ತು.

"ಅಂಗಾರೆ ಸರಿ ಬುಡಿ. ನಾವು ತಕ್ಕಂಡಿದ್ದು ಒಳ್ಳೇದೇ."