ಅಂಬಾರಾಯನ ಹೆಬ್ಬೆರಳು

ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕನ್ವೇಯರ್ ಬೆಲ್ಟ್ ಹರಿದರೆ ಮೊದಲು ಹುಡುಕುವುದು ಅಂಬಾರಾಯನನ್ನು. ಹರಿದ ಬೆಲ್ಟನ್ನು ಉಜ್ಜಿ, ಅಂಟು ಸವರಿ, ಕಾವು ಕೊಟ್ಟು ಒಂದು ಮಾಡುವುದರಲ್ಲೇ ಅವನ ಇಪ್ಪತ್ತಾರು ವರ್ಷ ಕಳೆದಿವೆ. ಕೃತಕ ರಬ್ಬರೆಲ್ಲ ಒಂದೇ ಎನ್ನುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತದೆ. ಗೂಡಿನಲ್ಲಿ ಸುಟ್ಟು ಬರುವ ಬಿಸಿ ಕ್ಲಿಂಕರ್ ಉಂಡೆಗಳನ್ನು ಹೊರಲು ಇಪಿಡಿಎಂ ಎಂಬ ರಬ್ಬರು ಬೇಕು. ಅದು ಕಾವು ತಡೆಯುತ್ತದೆ, ಆದರೆ ಎಣ್ಣೆ ಕಂಡರೆ ಉಬ್ಬುತ್ತದೆ. ಎಣ್ಣೆ ಸೋರುವ ಕಡೆ ನೈಟ್ರೈಲ್ ರಬ್ಬರೇ ಆಗಬೇಕು. ಎರಡೂ ಕರಿಯವೇ. ಅನುಮಾನ ಬಂದರೆ ಒಂದು ಚೂರನ್ನು ಮಷೀನ್ ಎಣ್ಣೆಯಲ್ಲಿ ಅದ್ದಿಟ್ಟು, ಉಬ್ಬಿದೆಯೇ ಎಂದು ಮರುದಿನ ನೋಡುತ್ತಾನೆ. ಗಟ್ಟಿಯೋ ಮೆತ್ತಗೋ ಎಂದು ತಿಳಿಯಲು ಹೆಬ್ಬೆರಳು ಒತ್ತಿದರೆ ಸಾಕು. ಆ ಹೆಬ್ಬೆರಳಿನ ಮೇಲೆ ಅವನಿಗೆ ಸ್ವಲ್ಪ ಜಾಸ್ತಿಯೇ ಅಭಿಮಾನ.

ಹೆಂಡತಿ ಮರೆಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದು, ಮುಳ್ಳು ಚುಚ್ಚಿದರೂ ಗೊತ್ತಾಗದಂತಾಯಿತು. ಬರಿಗಾಲಲ್ಲಿ ಓಡಾಡಬಾರದು, ಗಾಯವಾದರೆ ಕಾಲು ತೆಗೆಯಬೇಕಾದೀತು ಎಂದರು ಡಾಕ್ಟರು. ಅಂಬಾರಾಯ ಅಂಗಡಿಗೆ ಹೋಗಲಿಲ್ಲ. ಗುಜರಿಗೆ ಬಿದ್ದಿದ್ದ ಬೆಲ್ಟಿನ ತುಂಡೊಂದನ್ನು ಕೇಳಿ ತಂದು, ಒಂದು ಭಾನುವಾರವಿಡೀ ಕೂತು ಚಪ್ಪಲಿ ಮಾಡಿದ.

“ಹತ್ತ ವರ್ಷ ಸವಿಯಂಗಿಲ್ಲ ನೋಡು,” ಎಂದ. ಬೆಲ್ಟಿನವನಿಗೆ ಸವೆಯದ ರಬ್ಬರೇ ಒಳ್ಳೆಯ ರಬ್ಬರು.

ಸವೆದದ್ದು ಮರೆಮ್ಮನ ಕಾಲು. ಬಿರುಸಾದ ಅಂಚು ಉಜ್ಜಿ ಉಜ್ಜಿ ಹಿಮ್ಮಡಿಯ ಪಕ್ಕ ಗುಳ್ಳೆಯೆದ್ದು ಒಡೆದರೂ ಅವಳಿಗೆ ತಿಳಿಯಲಿಲ್ಲ. ಅವನು ನೋಡುವಂತೆಯೂ ಇರಲಿಲ್ಲ. ಗಂಡನ ಕೈಗೆ ಕಾಲು ಕೊಡುವುದು ಪಾಪವೆಂದು, ಅವನು ಹತ್ತಿರ ಬಂದರೆ ಸೀರೆಯೊಳಗೆ ಎಳೆದುಕೊಳ್ಳುವಳು. ಮನೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಕೀವು, ರಕ್ತದ ಒದ್ದೆ ಹೆಜ್ಜೆ ಕಂಡಾಗಲೇ ಅವನು ಅವಳನ್ನು ದವಾಖಾನೆಗೆ ಕರೆದೊಯ್ದದ್ದು.

ದವಾಖಾನೆಯಲ್ಲಿ ಗಾಯ ತೊಳೆದ ನರ್ಸ್ ಖುರ್ಷಿದಬೇಗಂ ಚಪ್ಪಲಿಯನ್ನು ತಿರುವಿ ನೋಡಿದಳು.

“ಕಲ್ಲು ಹೊರಲಿಕ್ಕ ಇದು ಭಾಳ ಛಲೋ ಅದ ಅಣ್ಣಾ. ಕಾಲಿಗೆ ಅಲ್ರಿ.”

ಸಕ್ಕರೆ ಕಾಯಿಲೆಯವರಿಗೆಂದೇ ಮಾಡಿದ, ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿದ್ದ ರಬ್ಬರಿನ ಅಟ್ಟೆಯೊಂದನ್ನು ಅವನ ಕೈಗಿಟ್ಟಳು. ಹೆಬ್ಬೆರಳು ಒತ್ತಿದ, ತಗ್ಗಿತು. ಬಿಟ್ಟ; ಎದ್ದಿತು. ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದು ಅಂಬಾರಾಯ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟ.

ಏಳು ವಾರಕ್ಕೆ ಗಾಯ ಮಾಗಿತು, ಕಾಲು ಉಳಿಯಿತು. ಅದೇ ಮೆತ್ತನೆ ರಬ್ಬರು ಕೊಂಡು, ಅಂಚು ದುಂಡಗೆ ಉಜ್ಜಿ, ಹೊಸ ಚಪ್ಪಲಿಯನ್ನೂ ಅವನೇ ಮಾಡಿದ. ಆದರೆ ದಿನಾ ಒಮ್ಮೆ ಅಂಗಾಲನ್ನು ಯಾರಾದರೂ ನೋಡಲೇಬೇಕು ಎಂದಿದ್ದಳು ಖುರ್ಷಿದಬೇಗಂ. ಮರೆಮ್ಮನಿಗೆ ಅಷ್ಟು ಬಗ್ಗಲು ಆಗದು.

ಮೊದಲ ಸಂಜೆ ಅವಳು ಕಾಲು ಮುದುಡಿಕೊಂಡಳು. “ಬ್ಯಾಡ್ರಿ. ಪಾಪ ಹತ್ತತದ.”

“ಪಾಪ ನಾ ಮಾಡಿ ಆಗ್ಯದ. ಇಲ್ಲಿ ಕೊಡು.”

ಕೊನೆಗೆ ಅವಳು ಕಾಲನ್ನು ಅವನ ತೊಡೆಯ ಮೇಲಿಟ್ಟು, ಮುಖವನ್ನು ಗೋಡೆಗೆ ತಿರುಗಿಸಿದಳು. ಅವನು ಇಂಚಿಂಚೂ ನೋಡಿದ. ಅಭ್ಯಾಸಬಲದಿಂದ ಹೆಬ್ಬೆರಳು ಮೆಲ್ಲಗೆ ಒತ್ತಿತು.

“ಗೊತ್ತಾಗಲಿಕತ್ತದೇನು?”

“ಇಲ್ರಿ,” ಎಂದಳು ಮರೆಮ್ಮ. “ಆದ್ರೂ ಕೈ ತಗೀಬ್ಯಾಡ್ರಿ.”